ನಮ್ಮ ಲಿಫ್ಟರ್ ಆಡದ ಆಟ

ಶ್ರೀಲಂಕಾಕ್ಕೆ ಹೋಗಿ ಬಂದವರು ಸಮುದ್ರದ ಮಾತಾಡುತ್ತಾರೆ, ಚಹಾ ತೋಟದ ಮಾತಾಡುತ್ತಾರೆ, ಆನೆಗಳ ಮಾತಾಡುತ್ತಾರೆ. ಗುಂಡ್ಲುಪೇಟೆ ಕಡೆಯವನು ಆನೆ ನೋಡಲು ಸಮುದ್ರ ದಾಟಬೇಕಾಗಿಲ್ಲ. ನಾನು ಹೋದದ್ದು ವಾಲಿಬಾಲ್ ಆಡಲು. ನಲವತ್ತೈದು ದಾಟಿದವರಿಗೆಂದು ಅಲ್ಲೊಂದು ಟೂರ್ನಿ ಇಟ್ಟಿದ್ದರು, ನಮ್ಮ ತಂಡಕ್ಕೂ ಕರೆ ಬಂದಿತ್ತು, ನಾನು ಕ್ಯಾಪ್ಟನ್. ಆರು ದಿನ ಇದ್ದೆವು. ಆಡಿದ ಮೂರು ಮ್ಯಾಚುಗಳ ಸ್ಕೋರು ಈಗ ನನಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ಕೊನೆಯ ದಿನ ಸಂಜೆ ಮೀನುಗಾರರ ಒಂದು ಊರಿನಲ್ಲಿ ಮರಳಿನ ಮೇಲೆ ಕೂತು ನೋಡಿದ ಅಲ್ಲಿನವರ ಆಟ. ಅದನ್ನು ಬರೆಯಬೇಕೆಂದು ಎರಡು ಸಲ ಕೂತು ಎರಡು ಸಲವೂ ಎದ್ದಿದ್ದೇನೆ.

ಎದ್ದದ್ದಕ್ಕೆ ಕಾರಣ ನಮ್ಮ ಲಿಫ್ಟರ್. ವಾಲಿಬಾಲ್ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆ ಕಡೆಯಿಂದ ಬಂದ ಚೆಂಡನ್ನು ಹಿಂದಿನವರು ತಡೆದು ನೆಟ್ಟಿನ ಹತ್ತಿರಕ್ಕೆ ಕಳಿಸುತ್ತಾರೆ. ಅಲ್ಲಿ ನಿಂತವನು ಹತ್ತು ಬೆರಳಿನಲ್ಲಿ ಅದನ್ನು ಹದವಾಗಿ ಮೇಲಕ್ಕೆತ್ತಿ ಕೊಡುತ್ತಾನೆ. ಇನ್ನೊಬ್ಬ ಹಾರಿ ಹೊಡೆಯುತ್ತಾನೆ. ಎತ್ತುವವನು ಲಿಫ್ಟರ್. ಚಪ್ಪಾಳೆ ಸಿಗುವುದು ಹೊಡೆಯುವವನಿಗೆ. ನಮ್ಮ ತಂಡದಲ್ಲಿ ಹೊಡೆಯುವವನು ನಾನು.

ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದಾಗಿನಿಂದ ಅವನು ಎತ್ತಿದ್ದಾನೆ, ನಾನು ಹೊಡೆದಿದ್ದೇನೆ. ಮೂವತ್ತು ವರ್ಷಕ್ಕೂ ಮೇಲೆ. ಆಮೇಲೆ ನಾನು ಚಾಮರಾಜನಗರದ ಒಂದು ಕಚೇರಿಯಲ್ಲಿ ಗುಮಾಸ್ತನಾದೆ, ಅವನು ಬಸ್ ಕಂಡಕ್ಟರ್ ಆದ. ಊಟಿ ರೂಟು, ಕೇರಳದ ರೂಟು ಎರಡರಲ್ಲೂ ದುಡಿದು ತಮಿಳು, ಮಲಯಾಳಂ ಎರಡನ್ನೂ ಕನ್ನಡದಷ್ಟೇ ಸಲೀಸಾಗಿ ಆಡುತ್ತಿದ್ದ. ನಾನು ಪ್ರತಿ ಭಾನುವಾರ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋಗುತ್ತಿದ್ದೆ. ಹೆಂಡತಿ ಮಕ್ಕಳು ಬೈದರೂ ಹೋಗುತ್ತಿದ್ದೆ. ಬೇರೆ ಯಾರು ಎತ್ತಿಕೊಟ್ಟರೂ ನನಗೆ ಹೊಡೆಯಲು ಬರುತ್ತಿರಲಿಲ್ಲ ಎಂಬುದನ್ನು ನಾನು ಯಾರ ಮುಂದೆಯೂ ಒಪ್ಪಿಕೊಂಡವನಲ್ಲ. ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ.

ಶ್ರೀಲಂಕಾಕ್ಕೆ ಹೊರಡುವ ಎರಡು ತಿಂಗಳ ಮೊದಲು ಮೈಸೂರಿನ ಡಾಕ್ಟರೊಬ್ಬರು ಅವನಿಗೆ ಒಂದು ಕಾಯಿಲೆಯ ಹೆಸರು ಹೇಳಿದ್ದರು. ನರಗಳು ಒಂದೊಂದಾಗಿ ಸತ್ತು, ಮಾಂಸ ಕರಗುತ್ತಾ ಬರುವ ಕಾಯಿಲೆ. ಅವನಿಗೆ ಅದು ಶುರುವಾದದ್ದು ಬಲಗೈ ಬೆರಳುಗಳಲ್ಲಿ. ಬೆರಳಾದ ಮೇಲೆ ಕೈ, ಕೈಯಾದ ಮೇಲೆ ಕಾಲು, ಆಮೇಲೆ ಗಂಟಲು. ಔಷಧಿ ಇಲ್ಲ. ಎಷ್ಟು ದಿನ ಎಂದು ಡಾಕ್ಟರು ಹೇಳಲಿಲ್ಲವಂತೆ, ಇವನೂ ಕೇಳಲಿಲ್ಲವಂತೆ. ಇದು ಗೊತ್ತಿದ್ದದ್ದು ಅವನಿಗೆ ಮತ್ತು ಅವನ ಹೆಂಡತಿಗೆ ಮಾತ್ರ. ಬೆರಳಿನಲ್ಲಿ ಕಸು ಇರುವಾಗಲೇ ಬೇರೆ ದೇಶದಲ್ಲಿ ಒಂದು ಆಟ ಪೂರ್ತಿ ಎತ್ತಿ ಬಂದುಬಿಡಬೇಕೆಂದು ಅವನು ನಮ್ಮ ಜೊತೆ ವಿಮಾನ ಹತ್ತಿದ. ಅವನ ಆಸೆ ಇಷ್ಟೇ. ನನಗೆ ಇದೊಂದೂ ಗೊತ್ತಿರಲಿಲ್ಲ.

ಗೊತ್ತಾಗಬೇಕಿತ್ತು. ಭಾನುವಾರದ ಪ್ರಾಕ್ಟೀಸಿನಲ್ಲಿ ಅವನು ಎತ್ತಿದ ಚೆಂಡು ಒಂದೊಂದು ಸಲ ಎಡಕ್ಕೆ ವಾಲುತ್ತಿತ್ತು. ಕೇಳಿದರೆ ಹೊಸ ಬಾಲು ಜಾರುತ್ತದೆ ಎನ್ನುತ್ತಿದ್ದ. ಒಂದು ದಿನ ಟೀ ಅಂಗಡಿಯಲ್ಲಿ ಲೋಟವನ್ನು ಎರಡು ಕೈಯಲ್ಲಿ ಹಿಡಿದಿದ್ದ.

"ಏನ್ಲಾ, ಪ್ರಸಾದ ಈಸ್ಕಂಡಂಗೆ ಇಡ್ಕಂಡಿದ್ದೀಯ" ಎಂದು ನಾನು ರೇಗಿಸಿದೆ.

"ಚಳಿ ಕಣ್ಲಾ" ಎಂದ. ಗುಂಡ್ಲುಪೇಟೆಯಲ್ಲಿ ಬೆಳಿಗ್ಗೆ ಚಳಿ ಇರುವುದು ನಿಜವೇ ಆದ್ದರಿಂದ ನಾನು ನಂಬಿದೆ. ಹೊರಡುವ ಹಿಂದಿನ ವಾರ ನನ್ನನ್ನು ಹಟ ಮಾಡಿ ಗೋಪಾಲಸ್ವಾಮಿ ಬೆಟ್ಟಕ್ಕೆ ಕರೆದುಕೊಂಡು ಹೋದ. ಬೆಟ್ಟದ ಬಸ್ಸಿನಲ್ಲಿ ನೂಕುನುಗ್ಗಲು, ಮೇಲೆ ಮಂಜು. ದೇವರ ಮುಂದೆ ಅವನು ಕಣ್ಣು ಮುಚ್ಚಿ ನಿಂತದ್ದು ಎಷ್ಟು ಹೊತ್ತೆಂದರೆ ಹಿಂದಿನವರು ಗೊಣಗತೊಡಗಿದರು. ಕಪ್ ಗೆಲ್ಲಲಿ ಎಂದು ಬೇಡಿಕೊಳ್ಳುತ್ತಿದ್ದಾನೆ ಎಂದುಕೊಂಡು ನಾನು ಪಕ್ಕದಲ್ಲಿ ನಿಂತು ಅದನ್ನೇ ಬೇಡಿಕೊಂಡೆ.

ಕಪ್ಪಿನ ಹುಚ್ಚು ನನಗೆ ಹತ್ತಿದ್ದು ಸುಮ್ಮನೆ ಅಲ್ಲ. ಚಾಮರಾಜನಗರದ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮ ಹನ್ನೊಂದು ಜನರ ಮುಖ ಹಾಕಿ ಫ್ಲೆಕ್ಸ್ ಕಟ್ಟಿದ್ದರು. ನಡುವೆ ನಾನು, ಎಲ್ಲರಿಗಿಂತ ದೊಡ್ಡದಾಗಿ, ಕೈಕಟ್ಟಿ ನಿಂತಿರುವಂತೆ. ಕಚೇರಿಯಲ್ಲಿ ಹಾರ ಹಾಕಿದರು, ಪೇಟ ತೊಡಿಸಿದರು. ಇಷ್ಟು ವರ್ಷ ನನ್ನನ್ನು ಕರೆದು ಮಾತಾಡಿಸದ ಸಾಹೇಬರು ತಮ್ಮ ಎದುರಿನ ಕುರ್ಚಿಯಲ್ಲಿ ಕೂರಿಸಿ ಕಾಫಿ ತರಿಸಿದರು. ಬರಿಗೈಯಲ್ಲಿ ವಾಪಸು ಬಂದರೆ ಆ ಕಚೇರಿಯ ಮೆಟ್ಟಿಲು ಹತ್ತುವುದು ಹೇಗೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಇನ್ನು ನಮ್ಮ ಮೈದಾನದ ಕಟ್ಟಳೆಯೊಂದನ್ನು ಹೇಳಬೇಕು. ಅದನ್ನು ಹೇಳದಿದ್ದರೆ ನಾನು ಮಾಡಿದ್ದು ಬರೀ ಕ್ರೌರ್ಯದಂತೆ ಕಾಣುತ್ತದೆ. ಹೇಳಿದ ಮೇಲೂ ಹಾಗೇ ಕಂಡರೆ ಕಾಣಲಿ. ವಾಲಿಬಾಲಿನ ನಿಯಮದ ಪುಸ್ತಕದ ಪ್ರಕಾರ ಹೊರಗೆ ಕರೆದ ಆಟಗಾರನನ್ನು ಮತ್ತೆ ಒಳಗೆ ಬಿಡಬಹುದು. ನಮ್ಮ ಮೈದಾನದಲ್ಲಿ ಅದು ನಡೆಯುತ್ತಿರಲಿಲ್ಲ. ತಪ್ಪು ಮಾಡಿದ್ದಕ್ಕೆ ಕ್ಯಾಪ್ಟನ್ ಒಬ್ಬನನ್ನು ಇಳಿಸಿದರೆ ಆ ಟೂರ್ನಿ ಮುಗಿಯುವ ತನಕ ಅವನು ಮತ್ತೆ ಹತ್ತುವಂತಿಲ್ಲ. ನಾವು ಹುಡುಗರಾಗಿದ್ದಾಗ ಈ ವಿಷಯಕ್ಕೇ ಜಗಳವಾಗಿ ನೆಟ್ಟಿನ ಕಂಬ ಕಿತ್ತು ಹೊಡೆದಾಡಿದ್ದರಂತೆ. ಆಗ ಹಿರಿಯರು ಮಾಡಿದ ಕಟ್ಟಳೆ. ಇಳಿದವನು ಕೇಳಬಾರದು, ಕ್ಯಾಪ್ಟನ್ ಕರೆಯಬಾರದು. ಅದನ್ನು ಪಾಲಿಸುವುದರಲ್ಲಿ ನಮಗೊಂದು ಬಗೆಯ ಗರ್ವವಿತ್ತು. ಇಳಿದವನು ಟವೆಲು ಹೆಗಲಿಗೆ ಹಾಕಿಕೊಂಡು, ಉಳಿದವರಿಗೆ ನೀರು ಕೊಡುತ್ತಾ, ಮುಖ ಗಂಟು ಹಾಕಿಕೊಳ್ಳದೆ ಕೂರಬೇಕು. ಹಾಗೆ ಕೂತವನನ್ನು ಗಂಡಸು ಎನ್ನುತ್ತಿದ್ದೆವು.

ಮೊದಲ ಮ್ಯಾಚು ಬೆಳಿಗ್ಗೆ ಒಂಬತ್ತಕ್ಕೆ. ಮೇಲೆ ತಗಡಿನ ಚಾವಣಿ, ಕೆಳಗೆ ಮರದ ನೆಲ. ನಾವು ಹುಟ್ಟಿದಾಗಿನಿಂದ ಮಣ್ಣಿನ ಮೇಲೆ ಆಡಿದವರು. ಎದುರಿಗೆ ಅಲ್ಲಿನದೇ ತಂಡ, ಎಲ್ಲರೂ ನಮಗಿಂತ ಗಟ್ಟಿಗರು. ಲಿಫ್ಟರ್ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಎದ್ದು, ಜರ್ಸಿ ಹಾಕಿಕೊಂಡು, ತಲೆ ಬಾಚಿಕೊಂಡು ಕೂತಿದ್ದ. ಶೂ ಲೇಸನ್ನು ಊರಿನಲ್ಲೇ ಹೆಂಡತಿ ಕಟ್ಟಿಕೊಟ್ಟಿದ್ದಳಂತೆ. ಅದನ್ನು ಬಿಚ್ಚದೆ, ಕಾಲು ತೂರಿಸಿ ತೂರಿಸಿ ಆರು ದಿನವೂ ಹಾಕಿಕೊಂಡ. ಇದು ನನಗೆ ಆಮೇಲೆ ತಿಳಿದದ್ದು.

ಅಂಪೈರ್ ಮೊದಲ ಸಲ ಸೀಟಿ ಊದಿ ಎರಡು ಬೆರಳು ತೋರಿಸಿದಾಗ ನಾನು ಅಷ್ಟಾಗಿ ಗಮನಿಸಲಿಲ್ಲ. ಎರಡು ಬೆರಳೆಂದರೆ ಡಬಲ್. ಎತ್ತುವಾಗ ಎರಡು ಕೈಗೂ ಚೆಂಡು ಒಂದೇ ಗಳಿಗೆಯಲ್ಲಿ ತಾಗಬೇಕು. ಒಂದು ಕೈ ಮುಂದಾಗಿ ಒಂದು ಕೈ ಹಿಂದಾದರೆ ತಪ್ಪು, ಪಾಯಿಂಟು ಎದುರಾಳಿಗೆ. ನಮ್ಮ ಲಿಫ್ಟರ್ ಮೂವತ್ತು ವರ್ಷದಲ್ಲಿ ಡಬಲ್ ಮಾಡಿದ್ದನ್ನು ನಾನು ಕೈಬೆರಳಲ್ಲಿ ಎಣಿಸಬಲ್ಲೆ. ಅವನು ಎತ್ತಿದರೆ ಚೆಂಡು ಕೈಗೆ ತಾಗಿದ ಸದ್ದೂ ಕೇಳುತ್ತಿರಲಿಲ್ಲ. ಎರಡನೆಯ ಸಲ ಸೀಟಿ ಬಿತ್ತು. ಮೂರನೆಯ ಸಲ ಬಿತ್ತು. ನಾಲ್ಕನೆಯ ಸಲ ಬಿದ್ದಾಗ ಎದುರಿನ ತಂಡದಲ್ಲೊಬ್ಬ ನಕ್ಕ.

ನನಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಆ ನಗು ಕಿವಿಗೆ ಬಿದ್ದದ್ದೇ ಸಾಕಾಯಿತು. ಟೈಮ್ ಔಟ್ ಕೇಳಿ, ಎಲ್ಲರ ಮುಂದೆ, ನಮ್ಮ ಭಾಷೆ ಅಲ್ಲಿ ಯಾರಿಗೂ ಬಾರದು ಎಂಬ ಧೈರ್ಯದಲ್ಲಿ ಹೊರಗೆ ಹೋಗೆಂದು ಬೆಂಚಿನ ಕಡೆ ಕೈ ತೋರಿಸಿ ಗಂಟಲು ಹರಿಯುವ ಹಾಗೆ ಕೂಗಿದೆ.

"ಕೈ ಬಿದ್ದೋಗಿದ್ರೆ ಮನೇಲ್ ಬಿದ್ದಿರ್ಬೇಕಿತ್ತು ಕಣ್ಲಾ. ಇಲ್ಲಿಗಂಟ ಬಂದು ಮಾನ ಯಾಕ್ ಕಳೀತೀಯ?"

ಅವನು ನನ್ನ ಮುಖ ನೋಡಿದ. ಆ ನೋಟಕ್ಕೆ ಅರ್ಥ ಆಗ ಗೊತ್ತಾಗಿದ್ದರೆ ನಾನು ಅಲ್ಲೇ ಅವನ ಕಾಲು ಹಿಡಿಯುತ್ತಿದ್ದೆ. ಅವನು ಬೆಂಚಿನ ಮೇಲಿದ್ದ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡು ಕೂತ. ಅವನ ಜಾಗಕ್ಕೆ ಸಂತೆಮರಹಳ್ಳಿಯ ಮೇಷ್ಟ್ರು ಬಂದರು. ಅವರು ನಮ್ಮ ತಂಡದ ಎರಡನೆಯ ಲಿಫ್ಟರ್, ಒಳ್ಳೆಯ ಮನುಷ್ಯ, ಆಟ ಅಷ್ಟಕ್ಕಷ್ಟೆ. ಆ ಮ್ಯಾಚು ಸೋತೆವು. ಮಾರನೆಯ ದಿನದ್ದೂ ಸೋತೆವು. ಮೂರನೆಯದೂ ಸೋತೆವು. ಮೂರಕ್ಕೂ ನಮ್ಮ ಲಿಫ್ಟರ್ ನೀರಿನ ಬಾಟಲಿಗಳನ್ನು ಎದೆಗೆ ಅವಚಿಕೊಂಡು ತಂದುಕೊಟ್ಟ. ಬೆರಳಿನಲ್ಲಿ ಹಿಡಿಯಲಾರದೆ ಹಾಗೆ ತರುತ್ತಿದ್ದಾನೆ ಎಂದು ನಮ್ಮ ಹತ್ತು ಜನರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಅವನನ್ನು ಮತ್ತೆ ಒಳಗೆ ಕರೆಯೋಣವೇ ಎಂದು ಮೇಷ್ಟ್ರು ಒಂದು ಸಲ ಕೇಳಿದರು. ಕಟ್ಟಳೆ ಗೊತ್ತಿಲ್ಲವೇ ಎಂದು ನಾನು ಅವರ ಬಾಯಿಯನ್ನೂ ಮುಚ್ಚಿಸಿದೆ.

ಅವನು ಮುಖ ಗಂಟು ಹಾಕಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ಹಾಕಿಕೊಳ್ಳಲಿಲ್ಲ. ಹೋಟೆಲಿನಲ್ಲಿ ಅಡುಗೆಯವರ ಹತ್ತಿರ ತಮಿಳಿನಲ್ಲಿ ಮಾತಾಡಿ ನಮಗೆಲ್ಲ ಬಿಸಿ ಅನ್ನ, ತಿಳಿಸಾರು ಮಾಡಿಸಿದ. ಬಸ್ಸಿನಲ್ಲಿ ಎದ್ದು ನಿಂತು, ಅಭ್ಯಾಸಬಲದಿಂದ, "ಮುಂದುಕ್ಕೋಗಿ, ಮುಂದುಕ್ಕೋಗಿ" ಎಂದು ನಮ್ಮನ್ನೆಲ್ಲ ನಗಿಸಿದ. ನಾನು ಮಾತ್ರ ಅವನೊಂದಿಗೆ ಮೂರು ದಿನ ಸರಿಯಾಗಿ ಮಾತಾಡಲಿಲ್ಲ.

ಟೂರ್ನಿ ಮುಗಿದ ಮೇಲೆ ಒಂದು ದಿನ ಬಿಡುವಿತ್ತು. ವಿಮಾನ ನಿಲ್ದಾಣಕ್ಕೆ ಹತ್ತಿರದಲ್ಲಿ, ಸಮುದ್ರದ ದಂಡೆಯ ಮೀನುಗಾರರ ಊರೊಂದರಲ್ಲಿ ನಮ್ಮನ್ನು ಉಳಿಸಿದ್ದರು. ಸಂಜೆ ನಾಲ್ಕೂವರೆಗೆ ಎಲ್ಲರೂ ಸಮುದ್ರ ನೋಡಲು ನಡೆದುಕೊಂಡು ಹೋದೆವು. ದಂಡೆಯಲ್ಲಿ ಎರಡು ತೆಂಗಿನ ಮರದ ನಡುವೆ ಹಳೆಯ ಮೀನಿನ ಬಲೆ ಕಟ್ಟಿ, ಮರಳಿನ ಮೇಲೆ ಹಗ್ಗ ಎಳೆದು ಗೂಟ ಹೊಡೆದು, ಹನ್ನೆರಡು ಜನ ವಾಲಿಬಾಲ್ ಆಡುತ್ತಿದ್ದರು. ನಾವು ವಾಲಿಬಾಲ್ ಹುಳಗಳು, ಸಮುದ್ರ ಮರೆತು ಅಲ್ಲೇ ಕೂತೆವು. ಲಿಫ್ಟರ್ ಬಂದು ನನ್ನ ಪಕ್ಕದಲ್ಲೇ ಕೂತ. ನಾನು ಸರಿಯಲಿಲ್ಲ, ಮಾತೂ ಆಡಲಿಲ್ಲ.

ಆಟ ನೋಡುತ್ತಾ ನೋಡುತ್ತಾ ನನಗೆ ಮೈ ಉರಿಯತೊಡಗಿತು. ಅಂಪೈರ್ ಇಲ್ಲ. ಲುಂಗಿ ಎತ್ತಿಕಟ್ಟಿದವರು ಕೆಲವರು, ಚಡ್ಡಿಯವರು ಕೆಲವರು. ಹದಿನೆಂಟರ ಹುಡುಗರ ಜೊತೆ ಅರವತ್ತೈದರ ಮುದುಕ. ಆ ಮುದುಕನೇ ಒಂದು ಕಡೆಯ ಲಿಫ್ಟರ್. ಬಿಳಿ ಗಡ್ಡ, ನೀಲಿ ಚೌಕಳಿ ಲುಂಗಿ, ಬಲೆ ಎಳೆದು ಎಳೆದು ಸೊಟ್ಟಗಾದ ಬೆರಳುಗಳು. ಅವನು ಎತ್ತಿದ್ದು ಹತ್ತರಲ್ಲಿ ಏಳು ಡಬಲ್.

"ಡಬಲ್" ಎಂದೆ ನಾನು, ಯಾರಿಗೂ ಅಲ್ಲದ ಹಾಗೆ. ಸ್ವಲ್ಪ ಹೊತ್ತಿಗೆ, "ಇದೂ ಡಬಲ್" ಎಂದೆ.

"ಇರ್ಲಿ ಬುಡ್ಲಾ" ಎಂದ ನಮ್ಮ ಲಿಫ್ಟರ್. "ಎಂಗೆತ್ತಿದ್ರೂ ಅವ್ನ್ ಕಡೆಯೋರ್ ಒಡೀತಾವ್ರಲ್ಲ. ಅವ್ರ್ಗೆ ಅವ್ನ್ ಕೈ ಗೊತ್ತದೆ."

ಅದು ನಿಜವಿತ್ತು. ಚೆಂಡು ಎಡಕ್ಕೆ ವಾಲಿದರೆ ಹೊಡೆಯುವ ಹುಡುಗ ಮೊದಲೇ ಎಡಕ್ಕೆ ಹೋಗಿ ನಿಂತಿರುತ್ತಿದ್ದ. ಗಿಡ್ಡವಾದರೆ ಹಾರದೆ ತಳ್ಳುತ್ತಿದ್ದ. ಯಾರೂ ಯಾರನ್ನೂ ಬೈಯುತ್ತಿರಲಿಲ್ಲ. ನಡುವೆ ಒಂದು ದೋಣಿ ದಂಡೆಗೆ ಬಂತು. ಆಡುತ್ತಿದ್ದವರಲ್ಲಿ ಮೂವರು ಆಟ ಬಿಟ್ಟು ಓಡಿ ದೋಣಿ ಎಳೆಯಲು ಕೈ ಹಾಕಿದರು. ಕೂತಿದ್ದವರಲ್ಲಿ ಮೂವರು ಎದ್ದು ಅವರ ಜಾಗಕ್ಕೆ ಹೋದರು. ದೋಣಿ ಮರಳಿಗೆ ಹತ್ತಿದ ಮೇಲೆ ಆ ಮೂವರು ವಾಪಸು ಬಂದರು, ಈ ಮೂವರು ಹೊರಗೆ ಬಂದು ಕೂತರು. ಮುದುಕನಿಗೆ ಏದುಸಿರು ಬಂದಾಗ ಅವನೂ ಹೊರಗೆ ಬಂದು, ನೀರು ಕುಡಿದು, ಒಂದು ಬೀಡಿ ಸೇದಿ, ಮತ್ತೆ ಒಳಗೆ ಹೋದ. ಅವನು ಒಳಗೆ ಬರುತ್ತಿದ್ದ ಹಾಗೆ ಅಲ್ಲಿದ್ದವನು ತಾನಾಗಿಯೇ ಜಾಗ ಬಿಟ್ಟುಕೊಟ್ಟ.

"ನೋಡ್ಲಾ" ಎಂದ ನಮ್ಮವನು. "ಇಲ್ಲಿ ಮತ್ತೆ ಒಳಕ್ಕೆ ಬುಡ್ತಾರೆ."

"ಇದು ಆಟಾನಾ? ಸಂತೆ" ಎಂದೆ.

ಅವನ ಕಣ್ಣು ಆ ಮುದುಕನ ಕೈಮೇಲೇ ಇತ್ತು. ಚೆಂಡು ಮೇಲೆ ಬಂದಾಗಲೆಲ್ಲ ಇವನ ಎರಡು ಕೈಗಳು ತೊಡೆಯ ಮೇಲೆ ಒಂದಿಷ್ಟು ಏಳುತ್ತಿದ್ದವು. ನಾನು ಅದನ್ನು ನೋಡಿದೆ. ನೋಡಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ.

ಇನ್ನೊಂದು ದೋಣಿ ಬಂತು. ಈ ಸಲ ಆ ಮುದುಕನೂ ಹೋದ, ಬಹುಶಃ ಅವನ ಮನೆಯದೇ ದೋಣಿ. ಒಂದು ಕಡೆಗೆ ಆಳು ಕಮ್ಮಿಯಾಯಿತು. ನೆಟ್ಟಿನ ಹತ್ತಿರ ನಿಂತಿದ್ದ ಹುಡುಗನೊಬ್ಬ ನಮ್ಮ ಜರ್ಸಿಗಳನ್ನು ನೋಡಿ, ಒಬ್ಬರು ಬನ್ನಿ ಎಂದು ಕೈ ಮಾಡಿ ಕರೆದ. ನಮ್ಮ ಲಿಫ್ಟರ್ ಅವನಿಗೆ ತಮಿಳಿನಲ್ಲಿ ಏನೋ ಹೇಳಿದ. ಹುಡುಗ ನಕ್ಕು, ತಾನೂ ತಮಿಳಿನಲ್ಲೇ, "ವಾಂಗ ಅಣ್ಣೆ, ವಾಂಗ" ಎಂದ.

ಲಿಫ್ಟರ್ ಎದ್ದ. ಪ್ಯಾಂಟಿನ ಮರಳು ಕೊಡವಿಕೊಂಡ. ಅಲ್ಲಿ ಎಲ್ಲರೂ ಬರಿಗಾಲಿನಲ್ಲಿ ಆಡುತ್ತಿದ್ದರು. ಇವನು ಒಂದು ಕಾಲಿನ ಹಿಮ್ಮಡಿಯನ್ನು ಇನ್ನೊಂದು ಕಾಲಿನಿಂದ ಒತ್ತಿ ಶೂ ಕಳಚಲು ನೋಡಿದ, ಮರಳು ತುಂಬಿದ್ದರಿಂದ ಬರಲಿಲ್ಲ. ಬಗ್ಗಿ ಲೇಸಿಗೆ ಕೈ ಹಾಕಿದ. ಗಂಟು ಬಿಚ್ಚಲಿಲ್ಲ. ಇನ್ನೊಮ್ಮೆ ಹಾಕಿದ. ಆಮೇಲೆ ಕಾಲನ್ನು ನನ್ನ ಮುಂದಕ್ಕೆ ಚಾಚಿದ.

"ಇದೊಂದು ಬಿಚ್ಚು ಕಣ್ಲಾ" ಎಂದ. "ಹತ್ ಬಾಲ್ ಎತ್ಬುಟ್ ಬತ್ತೀನಿ."

ಅವನು ನನ್ನನ್ನು ಯಾವತ್ತೂ ಏನನ್ನೂ ಕೇಳಿದವನಲ್ಲ. ನಾನು ಕೂತಲ್ಲಿಂದ ಅಲ್ಲಾಡಲಿಲ್ಲ.

"ಕುಂತ್ಕೊ" ಎಂದೆ. "ಇಳ್ದೋನು ಹತ್ಬಾರ್ದು ಅಂತ ಮರ್ತೋಯ್ತಾ?"

ಪರದೇಶದ ಮರಳಿನ ಮೇಲೆ, ಟೂರ್ನಿ ಮುಗಿದ ಮೇಲೆ, ಗುಂಡ್ಲುಪೇಟೆಯ ಕಟ್ಟಳೆ. ಅವನು ಚಾಚಿದ ಕಾಲನ್ನು ಹಿಂದಕ್ಕೆ ಎಳೆದುಕೊಂಡ. ಮತ್ತೆ ನನ್ನ ಪಕ್ಕದಲ್ಲೇ ಕೂತ. ಆ ಹುಡುಗ ಇನ್ನೂ ಕರೆಯುತ್ತಿದ್ದ. ಕೊನೆಗೆ ಮೇಷ್ಟ್ರು ಪ್ಯಾಂಟು ಮಡಚಿಕೊಂಡು ಹೋದರು. ಹೋಗಿ ಕತ್ತಲಾಗುವ ತನಕ ಆಡಿದರು, ಬಿದ್ದರು, ನಕ್ಕರು, ಆ ಮುದುಕ ವಾಪಸು ಬಂದು ಅವರ ಬೆನ್ನು ತಟ್ಟಿದ. ಆರು ದಿನದಲ್ಲಿ ಅವರು ಅಷ್ಟು ಚೆನ್ನಾಗಿ ಆಡಿದ್ದನ್ನು ನಾನು ನೋಡಿರಲಿಲ್ಲ. ನಮ್ಮ ಲಿಫ್ಟರ್ ಅವರಿಗೆ ಚಪ್ಪಾಳೆ ಹೊಡೆದ. ಆ ಚಪ್ಪಾಳೆಗೆ ಸದ್ದೇ ಬರಲಿಲ್ಲ.

ಊರಿಗೆ ಬಂದೆವು. ಫ್ಲೆಕ್ಸನ್ನು ಅಷ್ಟರಲ್ಲಿ ಯಾರೋ ಬಿಚ್ಚಿದ್ದರು. ಕಚೇರಿಯಲ್ಲಿ ಯಾರೂ ಕಪ್ಪಿನ ವಿಷಯ ಕೇಳಲಿಲ್ಲ. ಅದಕ್ಕಾಗಿ ನಾನು ಒಬ್ಬ ಮನುಷ್ಯನನ್ನು ಅಷ್ಟು ನೋಯಿಸಿದ್ದೆ, ಅವರಿಗೆ ನಾವು ಎಲ್ಲಿಗೆ ಹೋಗಿದ್ದೆವು ಎಂಬುದೂ ನೆನಪಿರಲಿಲ್ಲ.

ಮೂರು ನಾಲ್ಕು ಭಾನುವಾರ ಅವನು ಮೈದಾನಕ್ಕೆ ಬರಲಿಲ್ಲ. ಡ್ಯೂಟಿ ಎಂದು ಫೋನಿನಲ್ಲಿ ಹೇಳುತ್ತಿದ್ದ. ಸಿಟ್ಟು ಮಾಡಿಕೊಂಡಿದ್ದಾನೆ, ತಾನಾಗಿಯೇ ಬರುತ್ತಾನೆ ಎಂದು ನಾನೂ ಬಿಗಿಯಾಗಿದ್ದೆ. ಐದನೆಯ ಭಾನುವಾರ ತಡೆಯಲಾರದೆ ಅವನ ಮನೆಗೆ ಹೋದೆ. ಅವನು ಪಡಸಾಲೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ, ಹೆಂಡತಿ ಎದುರಿಗೆ ಮಂಡಿಯೂರಿ ಅವನ ಅಂಗಿಯ ಗುಂಡಿ ಹಾಕುತ್ತಿದ್ದಳು. ನನ್ನನ್ನು ಕಂಡು ಅವಳ ಕೈ ನಿಂತಿತು. ಅವನು ಮಾತ್ರ, "ಹಾಕಮ್ಮಿ, ಇನ್ನೇನ್ ಮುಚ್ಚಿಡದು" ಎಂದ.

ಎಲ್ಲವನ್ನೂ ಅವಳೇ ಹೇಳಿದಳು, ಹೊರಗೆ ಜಗುಲಿಯ ಹತ್ತಿರ ನಿಂತು, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ. ಮೈಸೂರಿಗೆ ಹೋಗಿದ್ದು, ಡಾಕ್ಟರು ಹೇಳಿದ್ದು, ನನಗೆ ತಿಳಿಸಬಾರದು ಎಂದು ಅವನು ಆಣೆ ಹಾಕಿಸಿಕೊಂಡದ್ದು.

"ಒಂದಾಟ ಆಡ್ಕಂಡ್ ಬಂದ್ಬುಡ್ತೀನಿ ಅಂತ ಕುಣೀತಿದ್ರು ಅಣ್ಣ" ಎಂದಳು. "ಬಂದ್ಮೇಲೆ ಕೇಳುದ್ರೆ ಏನೂ ಏಳಲ್ಲ. ಅಲ್ಲಿ ಆಡುದ್ರಾ?"

"ಆಡ್ದ" ಎಂದೆ. "ಸ್ವಲ್ಪ ಹೊತ್ತು."

ಆ ದಿನ ಬಸ್ಸಿನಲ್ಲಿ ಚಾಮರಾಜನಗರದ ತನಕ ಕಿಟಕಿಗೆ ಮುಖ ಕೊಟ್ಟು ಅತ್ತೆ. ಐವತ್ತರ ಹತ್ತಿರದ ಗಂಡಸು ನಾನು. ಪಕ್ಕದಲ್ಲಿ ಕೂತಿದ್ದ ಅರಿಶಿನದ ವ್ಯಾಪಾರಿ, "ಯಾರ್ ಹೋದ್ರು ಸಾರ್?" ಎಂದು ಕೇಳಿದ. ಯಾರೂ ಹೋಗಿಲ್ಲ ಎಂದೆ. ಅವನಿಗೆ ಏನು ತಿಳಿಯಿತೋ, ತನ್ನ ಬಾಟಲಿಯ ನೀರು ಕೊಟ್ಟ.

ಅಲ್ಲಿಂದ ಒಂದೂವರೆ ವರ್ಷ ನಾನು ಭಾನುವಾರಗಳನ್ನು ಅವನ ಮನೆಯಲ್ಲಿ ಕಳೆದೆ. ಮೊದಲು ಕೈ ಹೋಯಿತು, ಆಮೇಲೆ ಕಾಲು. ನಾನು ಅವನಿಗೆ ಪೇಪರು ಓದುತ್ತಿದ್ದೆ, ಗಡ್ಡ ಹೆರೆಯುತ್ತಿದ್ದೆ, ಅನ್ನ ಕಲಸಿ ತಿನ್ನಿಸುತ್ತಿದ್ದೆ. ತುತ್ತು ದೊಡ್ಡದಾದರೆ ಬೈಯುತ್ತಿದ್ದ. ಮೈದಾನದ ಸುದ್ದಿ ಕೇಳುತ್ತಿದ್ದ, ಯಾರು ಎತ್ತುತ್ತಿದ್ದಾರೆ, ಹೇಗೆ ಎತ್ತುತ್ತಿದ್ದಾರೆ. ನಾನು ಹೋಗುವುದು ಬಿಟ್ಟಿದ್ದೇನೆ ಎಂದು ಅವನಿಗೆ ಹೇಳಿರಲಿಲ್ಲ. ಏನೋ ಒಂದು ಕಟ್ಟಿ ಹೇಳುತ್ತಿದ್ದೆ. ಶ್ರೀಲಂಕಾದ ಮಾತನ್ನು ಅವನು ಎತ್ತಲಿಲ್ಲ, ನನಗೆ ಎತ್ತುವ ಧೈರ್ಯವಿರಲಿಲ್ಲ. ಕ್ಷಮಿಸು ಎಂದು ಹೇಳಲು ಎಷ್ಟೋ ಸಲ ಬಾಯಿ ತೆರೆದು, ನೀರು ಬೇಕಾ ಎಂದು ಕೇಳಿ ಮುಚ್ಚಿದ್ದೇನೆ.

ಒಂದು ಮಧ್ಯಾಹ್ನ, ಮಾತು ಆಗಲೇ ತೊದಲುತ್ತಿದ್ದ ಕಾಲಕ್ಕೆ, ಅವನೇ ಕೇಳಿದ. ಒಂದೊಂದು ಪದಕ್ಕೂ ನಿಂತು ನಿಂತು ಕೇಳಿದ. ಅವನ ಮಾತು ನನಗೆ ಮತ್ತು ಅವನ ಹೆಂಡತಿಗೆ ಮಾತ್ರ ತಿಳಿಯುತ್ತಿತ್ತು.

"ಟೂರ್ನೀಲಿ ಇಳ್ಸುದ್ದು ಸರೀನೆ. ಡಬಲ್ ಆಗ್ತಿತ್ತು. ಆ ಮರಳಲ್ಲಿ ಯಾಕ್ಲಾ ಬುಡ್ನಿಲ್ಲ?"

ಕಟ್ಟಳೆ ಎನ್ನಬಹುದಿತ್ತು. ಮರಳಿನಲ್ಲಿ ಕಾಲು ಉಳುಕುತ್ತದೆ ಎಂದು ಹೆದರಿದೆ ಎನ್ನಬಹುದಿತ್ತು. ಒಂದೂವರೆ ವರ್ಷದಲ್ಲಿ ನಾನು ಇಂಥ ನಾಲ್ಕಾರು ಉತ್ತರಗಳನ್ನು ರೂಢಿ ಮಾಡಿಕೊಂಡಿದ್ದೆ. ಅವನ ಮುಖ ನೋಡಿ ಒಂದೂ ಬಾಯಿಗೆ ಬರಲಿಲ್ಲ.

"ನೀನು ಬಾಲ್ ಕೈಬಿಟ್ರೆ ಅವ್ರೆಲ್ಲ ನಗ್ತಾರೆ ಅನ್ನುಸ್ತು" ಎಂದೆ. "ನಿನ್ ಜೊತೇಲಿ ನನ್ನೂ ನೋಡಿ ನಗ್ತಾರೆ ಅನ್ನುಸ್ತು. ಅಷ್ಟೇ ಕಣ್ಲಾ. ಬೇರೆ ಏನೂ ಇಲ್ಲ."

ನಾನು ಅವನ ಕೈ ಹಿಡಿದುಕೊಂಡೆ. ಹಿಡಿದರೆ ಹಿಡಿದದ್ದು, ಬಿಟ್ಟರೆ ಬಿಟ್ಟದ್ದು, ಅದರಲ್ಲಿ ಅವನದೇನೂ ಉಳಿದಿರಲಿಲ್ಲ. ಆಮೇಲೆ ನನ್ನ ಕಡೆ ಕಣ್ಣು ತಿರುಗಿಸಿದ.

"ಕಾಯ್ಲೆ ಗೊತ್ತಿದ್ರೆ ಬುಡ್ತಿದ್ಯಾ?"

"ಬುಡ್ತಿದ್ದೆ" ಎಂದೆ, ಒಂದು ಗಳಿಗೆಯೂ ತಡೆಯದೆ. "ನಿನ್ನಾಣೆಗೂ ಬುಡ್ತಿದ್ದೆ. ಮೂರು ಮ್ಯಾಚೂ ಆಡುಸ್ತಿದ್ದೆ. ಯಾಕ್ಲಾ ಏಳ್ನಿಲ್ಲ?"

"ಅದ್ಕೇ ಏಳ್ನಿಲ್ಲ" ಎಂದ. ಉಸಿರು ಕೂಡಿಸಿಕೊಂಡ. "ಕಾಯ್ಲೆ ನೋಡಿ ಬುಡದ್ ಬ್ಯಾಡ ಅನ್ನುಸ್ತು. ನಿನ್ ಲಿಫ್ಟರು ಅಂತ ಬುಡ್ಬೇಕಿತ್ತು."

ಅವನು ನನ್ನೊಡನೆ ಪೂರ್ತಿಯಾಗಿ ಆಡಿದ ಕೊನೆಯ ಮಾತು ಅದೇ. ಮುಂದಿನ ಭಾನುವಾರ ಹೋಗುವಷ್ಟರಲ್ಲಿ ಮಾತು ನಿಂತಿತ್ತು, ಆಷಾಢ ಕಳೆಯುವುದರೊಳಗೆ ಅವನೂ ಹೋದ. ಅವನಿಗೆ ನಾನು ಹೇಳಬೇಕಾಗಿದ್ದ, ಕ್ಷಮಿಸು ಎಂಬ ಒಂದು ಮಾತು ಇನ್ನೂ ನನ್ನಲ್ಲೇ ಇದೆ.